ಪೆರುವಿನಿಂದ ಬಂದ ಯಶೋದೆ

ಯಾರ ಮನೆಗೆ ಹೋದರೂ ಚಹಾ ಬರುವವರೆಗೆ ಗೋಡೆ ನೋಡುತ್ತ ಕೂರುವುದು ನನ್ನ ಚಟ. ಮನುಷ್ಯ ಗೋಡೆಗೆ ತೂಗುಹಾಕುವುದು ತನ್ನಲ್ಲಿ ಇಲ್ಲದ್ದನ್ನೇ ಎಂಬುದು ಈ ಚಟದಿಂದ ನಾನು ಗಳಿಸಿದ ಸಿದ್ಧಾಂತ. ಕಿಸೆ ಖಾಲಿ ಇದ್ದವರ ಮನೆಯಲ್ಲಿ ನಾಣ್ಯ ಸುರಿಸುವ ಲಕ್ಷ್ಮಿ ಇರುತ್ತಾಳೆ. ದಿನಾ ಜಗಳವಾಡುವ ನಮ್ಮ ಮನೆಯಲ್ಲಿ ನಗುನಗುತ್ತ ನಿಂತ ಮದುವೆ ಫೋಟೋ ಇದೆ.

ಹೊಳೆ ನಡುವಿನ ಕುರ್ವೆ, ಮಾವಿನಕುರ್ವೆಯ ನನ್ನ ಅಕ್ಕನ ಮನೆಯ ಗೋಡೆಗೆ ಬಂದದ್ದು ಮಾತ್ರ ದಕ್ಷಿಣ ಅಮೆರಿಕ. ಭಾವ ಸರಕಿನ ಹಡಗಿನಲ್ಲಿ ಅಡುಗೆಯವರು. ಹಡಗಿನಿಂದ ಬಂದವರೆಲ್ಲ ಸೆಂಟು, ಟೇಪ್ ರೆಕಾರ್ಡರ್ ತರುತ್ತಿದ್ದ ತೊಂಬತ್ತರ ದಶಕದ ಕೊನೆಯಲ್ಲಿ ಅವರು ಪೆರು ದೇಶದ ಬಂದರಿನ ಹಳೆ ಸಾಮಾನಿನ ಅಂಗಡಿಯಿಂದ ಒಂದು ಚಿತ್ರ ತಂದರು. ಹೆಗಲಿನಿಂದ ಪಾದದವರೆಗೆ ಗುಡ್ಡದಂತೆ ಹರಡಿದ ಅಂಗಿ ತೊಟ್ಟ ಹೆಂಗಸು, ಅಂಗಿಯ ತುಂಬ ಬಂಗಾರದ ಹೂ, ತಲೆಗೆ ಕಿರೀಟ, ತೋಳಿನಲ್ಲಿ ಮಗು. ಎಷ್ಟು ಕಾಲದ ದೀಪದ ಹೊಗೆ ಕುಡಿದಿತ್ತೋ, ಮಗು ಕಪ್ಪಾಗಿತ್ತು. ಕಪ್ಪು ಮಗು, ಎತ್ತಿಕೊಂಡ ತಾಯಿ! ಅಕ್ಕ ಹಿಂದೆಮುಂದೆ ನೋಡದೆ ದೇವರ ಕೋಣೆಯಲ್ಲಿ ಮೊಳೆ ಹೊಡೆಸಿದಳು.

“ಯಶೋದೆಗೆ ಕಿರೀಟ ಎಲ್ಲಿಂದ ಬಂತು ಅಕ್ಕಾ?” ಎಂದು ಕಾಲೇಜು ಮೇಷ್ಟರ ಗತ್ತಿನಲ್ಲಿ ಕೇಳಿದೆ.

“ಊರ ಯಜಮಾನನ ಹೆಂಡ್ತಿ ಅಲ್ದ? ಒಂದು ಇದ್ರೆ ಎಂತ ಆತು?” ಎಂದಳು.

ಬಂಗಾರದ ಕೆಲಸ ನೋಡಿ ನಾನೂ ಇದು ತಂಜಾವೂರಿನ ಪ್ರಭಾವ ಎಂದು ತೀರ್ಪು ಕೊಟ್ಟೆ. ಪೆರುವಿಗೂ ತಂಜಾವೂರಿಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಮೇಷ್ಟರಾಗಿರುವುದರ ಸುಖವೇ ಅದು. ಭಾವನಿಗೆ ನಿಜ ಗೊತ್ತಿತ್ತೆಂದು ಈಗ ನನಗೆ ಅನುಮಾನ. ಆದರೆ ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಾಗದ ಹೆಂಡತಿ ಬೆಳಿಗ್ಗೆ ಎದ್ದು ಚಿತ್ರದ ಮುಂದೆ ಬೆಣ್ಣೆಯ ಬಟ್ಟಲಿಟ್ಟು “ತಿನ್ನು ಮಗಾ” ಎನ್ನುವಾಗ ಯಾವ ಗಂಡ ಬಾಯಿ ಬಿಟ್ಟಾನು? ಯಶೋದೆ ಹೆರದೆಯೂ ತಾಯಿಯಾದವಳು. ಮೂವತ್ಮೂರು ಕೋಟಿ ದೇವತೆಗಳಲ್ಲಿ ಅಕ್ಕನಿಗೆ ಬೇಕಾದವಳು ಅವಳೊಬ್ಬಳೇ.

ಬಾಯಿ ಬಿಟ್ಟವಳು ಪಕ್ಕದ ಮನೆಗೆ ಹೊಸದಾಗಿ ಬಂದ ಮೊನ್ನಿಬಾಯಿ. ಒಂದು ದಿನ ನಾನು ಅಲ್ಲಿರುವಾಗಲೇ ಪಾತ್ರೆ ಹಿಂದಿರುಗಿಸಲು ಬಂದವಳು ದೇವರ ಕೋಣೆಯತ್ತ ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. “ದೇವಾ! ಇವಳು ನಮ್ಮ ಸಾಯ್ಬಿಣ್, ಮೇರಿ ಮಾತೆ. ಮಗು ಯೇಸು!”

ದೇವರು ಬದಲಾದದ್ದಕ್ಕೆ ಅಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. ಅವಳು ಕೇಳಿದ್ದು ಒಂದೇ.

“ಬಾಯಿ, ಮಗು ಇವಳು ಹೆತ್ತದ್ದಾ, ಸಾಕಿದ್ದಾ?”

“ಹೆತ್ತದ್ದೇ,” ಎಂದಳು ಮೊನ್ನಿಬಾಯಿ, ಅಭಿಮಾನದಿಂದ.

ಅಕ್ಕ ಪಾತ್ರೆ ಹಿಡಿದುಕೊಂಡು ಒಳಗೆ ಹೋದಳು.

ಮೇಷ್ಟರಿಗೆ ಸಂಕಟವಾದರೆ ಓದುತ್ತಾರೆ. ಹೊನ್ನಾವರದ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಓದಿದೆ. ಪೆರುವಿನ ಆಂಡಿಸ್ ಬೆಟ್ಟಗಳ ಜನರಿಗೆ ಮೇರಿಯ ಚಿತ್ರ ಬರೆಯಲು ಕಲಿಸಿದವರು ಅವರನ್ನು ಆಳಲು ಬಂದ ಸ್ಪೇನಿನವರಂತೆ. ಬೆಟ್ಟದ ಜನ ವಿಧೇಯರಾಗಿ ಬರೆದರು, ಆದರೆ ಅಂಗಿಗೆ ಮಾತ್ರ ತಾವು ಮೊದಲಿನಿಂದ ತಾಯಿಯೆಂದು ಪೂಜಿಸುತ್ತಿದ್ದ ಬೆಟ್ಟದ ಆಕಾರ ಕೊಟ್ಟರೆಂದು ಕೆಲವರು ಹೇಳುತ್ತಾರೆ. ಕೈಬಿಟ್ಟುಹೋದ ತಾಯಿಯನ್ನು ಸಿಕ್ಕಿದ ತಾಯಿಯೊಳಗೇ ಕೂರಿಸಿ ಕೈಮುಗಿದ ಜನ ಅವರು. ಅಕ್ಕ ಮಾಡಿದ್ದು ತಪ್ಪಾದರೆ ಆ ಚಿತ್ರ ಹುಟ್ಟಿದ್ದೂ ಅಂಥದೇ ತಪ್ಪಿನಿಂದ. ಈ ಸಮಾಧಾನವನ್ನು ಅವಳಿಗೆ ಹೇಳಲೇಬೇಕೆಂದು ಮರುದಿನ ಬೆಳಿಗ್ಗೆಯೇ ದೋಣಿ ಹತ್ತಿದೆ.

ಚಿತ್ರ ಮೊಳೆಯಲ್ಲೇ ಇತ್ತು. ಅಕ್ಕ ಬೆಣ್ಣೆಯ ಬಟ್ಟಲು ಇಡುತ್ತಿದ್ದಳು. ಕಣ್ಣು ಕೆಂಪಾಗಿತ್ತು. ನಾನು ಬೆಟ್ಟ, ಸ್ಪೇನು ಎಂದು ಶುರುಮಾಡುವ ಮೊದಲೇ ಹೇಳಿದಳು:

“ಹೆತ್ತವಳೇ ಆಗ್ಲಿ ತಮ್ಮಾ. ಎಷ್ಟು ಕಾಲದಿಂದ ಎತ್ಕಂಡೇ ನಿಂತವಳೆ, ಅವಳ ಕೈ ಸೋಲೂದಿಲ್ವಾ? ಬೆಳಗಿನ ಹೊತ್ತು ನಾನು ಎತ್ಕಣ್ತೆ.”