ಎಷ್ಟನೇ ಜ್ವರ

ಶೋಭಾರಾಣಿ ಮನೆ ಬಿಟ್ಟು ಬಂದದ್ದು ಎರಡು ಸಾವಿರದ ಆರನೇ ಇಸವಿಯ ಫೆಬ್ರವರಿಯಲ್ಲಿ. ಆಗ ಅವಳಿಗೆ ಇಪ್ಪತ್ತಮೂರು ವರ್ಷ. ಅಷ್ಟು ವರ್ಷಗಳಲ್ಲಿ ಅವಳು ಮೇಲೂರಿನ ತನ್ನ ಮನೆಯ ಹೊರಗೆ ಒಂದು ರಾತ್ರಿಯೂ ಮಲಗಿದವಳಲ್ಲ ಎಂದರೆ ಯಾರೂ ನಂಬುವುದಿಲ್ಲ, ಮೊದಲು ನಾನೂ ನಂಬಲಿಲ್ಲ. ನೆಂಟರ ಮದುವೆಗೆ ಹೋದರೂ ಊಟ ಮುಗಿಸಿ ಸಂಜೆ ಬಸ್ಸಿಗೆ ವಾಪಸ್. ಮನೆಯಲ್ಲಿ ರೇಷ್ಮೆ ಹುಳ, ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ಅಪ್ಪ ಚೆನ್ನರಾಯಪ್ಪ, ಅಮ್ಮ ರಾಮಲಕ್ಷ್ಮಮ್ಮ, ಮಗಳು ಇವಳು, ಮೂರೇ ಜನ. ಹುಳದ ಮನೆಯ ಯಜಮಾನಿಕೆ ಅಮ್ಮನದು.

ನಾನು ಯಶೋಧರಾ, ಕೈವಾರದವಳು. ಏಳನೇ ಕ್ಲಾಸಿನಿಂದ ಹಾಸ್ಟೆಲುಗಳಲ್ಲಿ ಬೆಳೆದ ನನಗೆ ಮನೆ ಬಿಡುವುದೆಂದರೆ ಬಾಗಿಲಲ್ಲಿ ಚಪ್ಪಲಿ ಬಿಟ್ಟಷ್ಟೇ ಸಲೀಸು. ಕುಡುಮಲಕುಂಟೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ನಾವಿಬ್ಬರೂ ಒಂದೇ ದಿನ ಸೇರಿ, ಗೌರಿಬಿದನೂರಿನಲ್ಲಿ ಅಮ್ಮಾಜಮ್ಮ ಎಂಬ ವಯಸ್ಸಾದವರ ಮನೆಯ ಹಿಂದಿನ ರೂಮನ್ನು ಬಾಡಿಗೆಗೆ ಹಿಡಿದೆವು. ನನ್ನ ಬಗ್ಗೆ ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬೇರೆಯವರನ್ನು ಎಷ್ಟು ಬೇಕಾದರೂ ಆಡಿಕೊಳ್ಳುತ್ತೇನೆ. ನನ್ನನ್ನು ಯಾರಾದರೂ ಆಡಿಕೊಂಡರೆ ಮಾತ್ರ ಮೂರು ದಿನ ಊಟ ಸೇರುವುದಿಲ್ಲ. ಈ ಕೆಟ್ಟ ಗುಣ ಇಲ್ಲದಿದ್ದರೆ ಈ ಕಥೆಯನ್ನು ಹೇಳುವ ಅಗತ್ಯವೇ ಬರುತ್ತಿರಲಿಲ್ಲ.

ಯಾಕೆ ಮನೆ ಬಿಟ್ಟೆ ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ನನಗೆ ಇನ್ನೂ ನೆನಪಿದೆ. "ಭಾನುವಾರ ಅಂದ್ರೆ ಹೆಂಗಿರುತ್ತೆ ಅಂತ ನೋಡ್ಬೇಕಿತ್ತು ಕಣೇ. ಹುಳಕ್ಕೆ ಭಾನುವಾರ ಇಲ್ವಲ್ಲ."

ಅಮ್ಮ ಸುಮ್ಮನೆ ಕಳಿಸಿಕೊಟ್ಟಿರಲಿಲ್ಲ. ಟ್ರಂಕು ಹಿಡಿದು ಹೊರಟ ಮಗಳಿಗೆ, "ಹೋಗು. ಹೊಸ್ಲು ದಾಟಿದ್ಮೇಲೆ ನಮ್ಗೆ ಜ್ವರ ಬಂದು ಮಲಗಿದ್ರೂ ನಿನ್ಗೆ ಹೇಳ್ಕಳ್ಸಲ್ಲ" ಎಂದಿದ್ದರಂತೆ. ಆ ಮಾತನ್ನು ಶೋಭಾರಾಣಿ ನನಗೆ ಮೂರು ನಾಲ್ಕು ಸಲ ಹೇಳಿದ್ದಾಳೆ. ಹೇಳುವಾಗಲೆಲ್ಲ ನಗಲು ನೋಡುತ್ತಿದ್ದಳು, ಆಗುತ್ತಿರಲಿಲ್ಲ. ಅಮ್ಮ ಮತ್ತೆ ತಾನಾಗಿ ಬಾ ಎನ್ನಬೇಕು, ಅಲ್ಲಿಯವರೆಗೆ ಆ ಮನೆಗೆ ಯಾವ ಮುಖ ಹೊತ್ತು ಹೋಗುವುದು ಎಂಬುದೊಂದೇ ಅವಳ ಕೊರಗು.

ಆ ರೂಮಿನಲ್ಲಿ ಮೊದಲ ತಿಂಗಳು ಅವಳ ಜೊತೆ ಇದ್ದದ್ದು ನನ್ನ ಪೂರ್ವಜನ್ಮದ ಪಾಪ. ಬೆಳಗಿನ ನಾಲ್ಕಕ್ಕೆ ಎದ್ದು ಕೂರುತ್ತಿದ್ದಳು. ಸೊಪ್ಪು ಹಾಕಲು ಏಳುವ ಅಭ್ಯಾಸ, ಹಾಕಲು ಏನೂ ಇಲ್ಲ. ಹೊರಗಿಂದ ಬಂದರೆ ಕೈಕಾಲು ತೊಳೆಯದೆ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಪೌಡರು ಹಾಕಿಕೊಂಡರೆ, "ಏ, ವಾಸ್ನೆ" ಎನ್ನುತ್ತಿದ್ದಳು. ಊದುಬತ್ತಿ ಬೇಡ, ಸೊಳ್ಳೆ ಬತ್ತಿಯಂತೂ ಬೇಡವೇ ಬೇಡ. ಹುಳ ಸಾಕುವ ಮನೆಯಲ್ಲಿ ಅದರ ಹೊಗೆ ವಿಷವಂತೆ. ರಾತ್ರಿಯೆಲ್ಲ ಸೊಳ್ಳೆ ಕಡಿಸಿಕೊಂಡು ನಾನು ಅನ್ನುತ್ತಿದ್ದೆ: "ಇಲ್ಲಿ ಹುಳ ಇಲ್ಲ ಕಣೇ ತಾಯಿ, ಇರೋದು ನಾವಿಬ್ಬರೇ."

ಫೋನು ಇದ್ದದ್ದು ಅಮ್ಮಾಜಮ್ಮನವರ ನಡುಮನೆಯಲ್ಲಿ. ಅವರಿಗೆ ಕಿವಿ ಮಂದ, ಹಾಗಾಗಿ ಮನೆಯಲ್ಲಿದ್ದಾಗ ಫೋನೆತ್ತುವುದು ನನ್ನ ಕೆಲಸ. ಏಪ್ರಿಲಿನ ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು. ಶೋಭಾರಾಣಿ ಎಂದಿನಂತೆ ತನ್ನ ಭಾನುವಾರವನ್ನು ನೋಡಲು ಪೇಟೆ ಸುತ್ತಲು ಹೋಗಿದ್ದಳು.

"ನಾನು ರಾಣಿ ಅಮ್ಮ ಮಾತಾಡ್ತಿರೋದು. ಮೂರನೇ ಜ್ವರಕ್ಕೆ ಕೂತಿದೆ, ಇನ್ನೂ ಎದ್ದಿಲ್ಲ ಅಂತ ಅವಳ್ಗೆ ಹೇಳಮ್ಮ" ಎಂದರು. ಅಷ್ಟರಲ್ಲಿ ಲೈನು ಕಟ್ಟಾಯಿತು. ಅವರ ಮನೆಯಲ್ಲಿ ಫೋನಿಲ್ಲ, ಅಂಗಡಿ ಮುಂದಿನ ಕಾಯಿನ್ ಡಬ್ಬಿಯಿಂದ ಮಾಡುತ್ತಿದ್ದರು. ತಿರುಗಿ ಮಾಡಿ ಕೇಳೋಣವೆಂದರೆ ನಂಬರೂ ಗೊತ್ತಿಲ್ಲ.

ಜ್ವರ ಬಂದರೂ ಹೇಳಿಕಳಿಸುವುದಿಲ್ಲ ಎಂದವರು ಹೇಳಿಕಳಿಸಿದ್ದಾರೆ, ಅದೂ ಮೂರನೇ ಸಲದ ಜ್ವರ, ಎದ್ದಿಲ್ಲ ಬೇರೆ. ಓಡಿಹೋಗಿ ಬ್ರೆಡ್ಡು ತಂದೆ, ಗ್ಲೂಕೋಸ್ ಪ್ಯಾಕೆಟ್ಟು ತಂದೆ, ಅವಳ ಎರಡು ಜೊತೆ ಬಟ್ಟೆ ಬ್ಯಾಗಿಗೆ ತುರುಕಿ, ಬಸ್ಸಿನ ಹೊತ್ತು ವಿಚಾರಿಸಿಕೊಂಡು ಗೇಟಿನಲ್ಲಿ ಕಾದು ನಿಂತೆ. ಬಂದವಳು ಎಲ್ಲವನ್ನೂ ಕೇಳಿ, "ಮೂರನೇ ಜ್ವರ ಅಂದ್ರಾ?" ಎಂದವಳೇ ಮೆಟ್ಟಿಲ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಜ್ವರ ಹುಳಕ್ಕೆ. ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಒಂದು ದಿನ ಮೇಯದೆ, ತಲೆಯೆತ್ತಿಕೊಂಡು ಅಲುಗಾಡದೆ ಕೂತುಬಿಡುತ್ತದೆ. ಅದನ್ನೇ ಅವರು ಜ್ವರ ಅನ್ನುವುದು. ನಾಲ್ಕನೇ ಜ್ವರ ಎದ್ದು ಏಳೆಂಟು ದಿನ ಮೇದರೆ ಹುಳ ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ತಯಾರಾಗುತ್ತದೆ. ಈ ಜ್ಞಾನ ನನಗೆ ಬಿಟ್ಟಿ ಸಿಗಲಿಲ್ಲ. ಮರುದಿನ ಅವಳು ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಹೇಳಿದಳು. ಎರಡು ವಾರ ನಮ್ಮ ಲೈನಿನ ಹುಡುಗಿಯರೆಲ್ಲ, "ಯಶೋಧರಾ, ಹುಳಕ್ಕೆ ಬ್ರೆಡ್ಡು ತಿನ್ಸಿದ್ಯಾ?" ಎಂದು ಕೇಳಿದ್ದೇ ಕೇಳಿದ್ದು. ನಾನು ಹಲ್ಲು ಕಚ್ಚಿಕೊಂಡು ಹೊಲಿಯುತ್ತಿದ್ದೆ.

ಆದರೆ ಶೋಭಾರಾಣಿಗೆ ಆ ಫೋನು ದೊಡ್ಡ ಹಬ್ಬವಾಗಿತ್ತು. "ಅಮ್ಮ ಸೋತ್ರು ಕಣೇ. ಹುಳದ ನೆಪ ಹಿಡ್ಕೊಂಡು ಮಾತಾಡ್ಸ್ತಿದಾರೆ" ಎಂದಳು. ಜೂನಿನ ಬೆಳೆಗೂ ಹಾಗೇ ಒಂದು ಫೋನು ಬಂತು. ಹಣ್ಣಾದ ದಿನ ಹೋಗಬೇಕೆಂದು ಅವಳು ಹಟ ಹಿಡಿದಳು. ಆ ದಿನ ಹುಳ ಆರಿಸಿ ಗೂಡಿಗೆ ಬಿಡಲು ಎಷ್ಟು ಕೈ ಇದ್ದರೂ ಸಾಲದು, ಯಾರೂ ಯಾರ ಮೇಲೂ ಮುನಿಸಿಕೊಂಡು ಕೂರಲು ಪುರುಸೊತ್ತು ಇರುವುದಿಲ್ಲ, ಸುಮ್ಮನೆ ಒಳಗೆ ನುಗ್ಗಿ ಹುಳದ ತಟ್ಟೆ ಹಿಡಿದರೆ ಅಮ್ಮ ಏನೂ ಅನ್ನುವುದಿಲ್ಲ ಎಂದು ಅವಳ ಎಣಿಕೆ. ಫ್ಯಾಕ್ಟರಿಯಲ್ಲಿ ರಜಾ ಕೊಡಲಿಲ್ಲ. ಅವಳು ಬೇಸರ ಮಾಡಿಕೊಂಡಳು, ಮುಂದಿನ ಬೆಳೆಗೆ ಹೋಗೇ ಹೋಗುತ್ತೇನೆ ಎಂದಳು.

ಆಗಸ್ಟ್ ಆರನೇ ತಾರೀಖು, ಭಾನುವಾರ, ಮತ್ತೆ ಫೋನು. ಶೋಭಾರಾಣಿ ಮತ್ತೆ ಪೇಟೆಯಲ್ಲಿ.

"ರಾಣಿ ಇದಾಳೇನಮ್ಮ?"

"ಇಲ್ಲ ಅಮ್ಮ, ಆಚೆ ಹೋಗಿದಾಳೆ."

ಅವರ ಉಸಿರಿನ ಸದ್ದು ಕೇಳಿಸಿತು. ಆಮೇಲೆ, "ಮನೇಲಿ ಜ್ವರ ಕಣಮ್ಮ. ಅವಳ್ಗೆ ಹೇಳು" ಎಂದರು. ಬಿಕ್ಕಿದ ಹಾಗೆ ಕೇಳಿಸಿತು, ಲೈನು ಕಟ್ಟಾಯಿತು.

ನಾನು ರಿಸೀವರ್ ಹಿಡಿದುಕೊಂಡೇ ನಿಂತಿದ್ದೆ. ಕೈಕಾಲು ಕೀಲುಗಳನ್ನೆಲ್ಲ ಹಿಡಿದುಹಾಕುವ ಒಂದು ಜ್ವರ ಊರೂರು ಸುತ್ತುತ್ತಿದೆ ಎಂದು ಆ ದಿನಗಳಲ್ಲಿ ಪೇಪರಿನಲ್ಲಿ ಬರುತ್ತಿತ್ತು. ಅದು ಎಲ್ಲೋ ದೂರದ ಮಾತು ಅಂದುಕೊಂಡಿದ್ದೆವು. ಆ ಕ್ಷಣ ಅದು ನೆನಪಾಯಿತು. ಅದರ ಹಿಂದೆಯೇ ಬ್ರೆಡ್ಡೂ ನೆನಪಾಯಿತು.

ಶೋಭಾರಾಣಿ ಬಂದಾಗ ಹೇಳಿದೆ. "ಮನೇಲಿ ಜ್ವರ ಅಂತೆ."

"ಎಷ್ಟನೇ ಜ್ವರ?"

"ಹೇಳ್ಲಿಲ್ಲ. ಕಟ್ಟಾಯ್ತು."

ಅವಳು ಬೆರಳು ಮಡಚಿ ಎಣಿಸಿದಳು. ಜೂನ್ ಕೊನೆಗೆ ಗೂಡು ಬಿಡಿಸಿರುತ್ತಾರೆ, ಸೊಪ್ಪು ಚಿಗುರಲು ಇಷ್ಟು ದಿನ, ಮೊಟ್ಟೆ ತಂದು ಇಷ್ಟು ದಿನ. "ನಾಲ್ಕನೇದೇ. ಲೆಕ್ಕ ಸರಿಯಾಗಿದೆ" ಎಂದಳು. ಮೂರನೇ ಜ್ವರದ ಸುದ್ದಿಯೇ ಬರಲಿಲ್ಲವಲ್ಲ ಎಂದು ನಾನು ಕೇಳಿದ್ದಕ್ಕೆ, "ಹುಳದ ಮನೇಲಿ ಅಮ್ಮ ಒಬ್ರೇ ಅಲ್ವಾ, ಫೋನ್ ಹತ್ರ ಹೋಗೋಕೆ ಪುರುಸೊತ್ತು ಸಿಕ್ಕಿರಲ್ಲ" ಎಂದಳು. ಇಂದಿಗೆ ಒಂಬತ್ತನೇ ದಿನ ಹಣ್ಣಾಗುತ್ತದೆ. ಅದು ಮಂಗಳವಾರ, ಆಗಸ್ಟ್ ಹದಿನೈದು, ರಜಾ ಕೇಳುವ ಪ್ರಮೇಯವೇ ಇಲ್ಲ. ಅವಳ ಮುಖ ಅರಳಿತು.

"ಈಗ್ಲೇ ಒಂದ್ಸಲ ಹೋಗಿ ಬರ್ಬಾರ್ದಾ?" ಎಂದೆ.

"ಜ್ವರದಲ್ಲಿರೋವಾಗ ಹೊರಗಿನೋರು ಕಾಲಿಡ್ಬಾರ್ದು ಕಣೇ, ಹುಳಕ್ಕೆ ರೋಗ ತಗ್ಲುತ್ತೆ. ನಾನೀಗ ಹೊರಗಿನೋಳೇ ಅಲ್ವಾ. ಮತ್ತೇನಾದ್ರೂ ಅಂದ್ರಾ ಅಮ್ಮ?"

"ಏನೂ ಇಲ್ಲ" ಎಂದೆ.

ಒಂಬತ್ತು ದಿನ ಅವಳು ಆ ಮಂಗಳವಾರದ ಜಪ ಮಾಡಿದಳು. ಹಣ್ಣಾದ ಹುಳ ನೋಡಿಲ್ಲವೆಂದು ನನ್ನನ್ನೂ ಹೊರಡಿಸಿದಳು. ಪೌಡರು ಹಾಕಬೇಡ, ಹೂ ಮುಡಿಯಬೇಡ ಎಂದು ತಾಕೀತು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸುವಾಗ ಸ್ಕೂಲು ಮಕ್ಕಳು ಬಾವುಟ ಹಿಡಿದು ಸಾಲಾಗಿ ಹೋಗುತ್ತಿದ್ದರು. ಶಿಡ್ಲಘಟ್ಟ ದಾಟಿದ ಮೇಲೆ ಅವಳು ಕಿಟಕಿಗೆ ಮುಖವಿಟ್ಟು, ಯಾರ ತೋಟದಲ್ಲಿ ಸೊಪ್ಪು ಕೊಯ್ದಾಗಿದೆ, ಯಾರದು ನಿಂತಿದೆ ಎಂದು ನೋಡುತ್ತಾ ಬಂದಳು. ಎಲ್ಲರ ತೋಟದಲ್ಲೂ ಸೊಪ್ಪು ನಿಂತೇ ಇತ್ತು. "ಯಾಕೋ ಯಾರೂ ಕೊಯ್ದಿಲ್ಲ" ಎಂದಳು.

ಬೀದಿಯಲ್ಲಿ ಜನರಿಲ್ಲ. ಒಂದು ಜಗಲಿಯ ಮೇಲೆ ಒಬ್ಬ ಗಂಡಸು ಕಂಬಳಿ ಹೊದ್ದು ಕೂತಿದ್ದ, ಮಾತಾಡಿಸಿದರೆ ಕೈ ಎತ್ತಲೂ ಆಗಲಿಲ್ಲ. ಇವಳ ಮನೆಯ ಬಾಗಿಲಲ್ಲಿ ಕಾಲು ತೊಳೆಯಲು ಇಡುವ ಬ್ಲೀಚಿಂಗ್ ನೀರು ಇರಲಿಲ್ಲ. "ಮರ್ತಿದಾರೆ" ಎಂದು ಶೋಭಾರಾಣಿ ನಲ್ಲಿಯಲ್ಲಿ ತಾನೂ ತೊಳೆದು ನನಗೂ ತೊಳೆಸಿ, "ಅಮ್ಮಾ, ಹಣ್ಣಾಯ್ತಾ?" ಎನ್ನುತ್ತಾ ಹುಳದ ಮನೆಯ ಬಾಗಿಲು ತಳ್ಳಿದಳು.

ಒಳಗೆ ಹುಳ ಇರಲಿಲ್ಲ. ತೊಳೆದ ತಟ್ಟೆಗಳನ್ನು ಗೋಡೆಗೆ ಒರಗಿಸಿ ಪೇರಿಸಿದ್ದರು. ಅವುಗಳ ಮೇಲೆ ಧೂಳು ಕೂತಿತ್ತು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗಳು ಮೂಲೆಯಲ್ಲಿದ್ದವು, ಜೇಡ ಬಲೆ ಕಟ್ಟಿತ್ತು. ಅವಳು ಬಾಗಿಲ ಚಿಲಕ ಹಿಡಿದುಕೊಂಡೇ ನಿಂತುಬಿಟ್ಟಳು. ತಪ್ಪು ಮನೆಗೆ ಬಂದವಳ ಹಾಗೆ ಒಮ್ಮೆ ಬೀದಿಯ ಕಡೆ ತಿರುಗಿ ನೋಡಿದಳು.

ನಡುಮನೆಯಿಂದ ನರಳಾಟ ಕೇಳಿಸಿತು. ಚೆನ್ನರಾಯಪ್ಪನವರು ಗೋಡೆಗೆ ಮುಖ ಮಾಡಿ ಚಾಪೆಯ ಮೇಲೆ ಮಲಗಿದ್ದರು. ರಾಮಲಕ್ಷ್ಮಮ್ಮ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದರು. ಪಾದ ಊದಿಕೊಂಡಿತ್ತು. ಬೆರಳು ಮಡಚಲು ಆಗದೆ, ಗಂಜಿಯ ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ ಒತ್ತಿ ಹಿಡಿದು ಬಾಯಿಗೆ ತರುತ್ತಿದ್ದರು. ಮಗಳನ್ನು ಕಂಡು ಲೋಟ ಕೆಳಗಿಟ್ಟರು. ಗಂಜಿ ಸೀರೆಯ ಮೇಲೆ ಚೆಲ್ಲಿತು.

"ಹುಳ ಎಲ್ಲಮ್ಮ?" ಎಂದಳು ಶೋಭಾರಾಣಿ. ಆ ಹೊತ್ತಿನಲ್ಲಿ ಅವಳಿಗೆ ಬಾಯಿಗೆ ಬಂದದ್ದು ಅದೊಂದೇ.

"ಯಾವ ಹುಳ?"

"ಫೋನ್ ಮಾಡಿದ್ಯಲ್ಲ. ಜ್ವರ ಅಂತ."

ಅಮ್ಮ ಅವಳನ್ನೇ ನೋಡಿದರು. "ಜ್ವರ ನಮ್ಗೆ ಕಣೇ" ಎಂದರು. "ಜೂನ್ ಆದ್ಮೇಲೆ ಮೊಟ್ಟೇನೇ ತರ್ಲಿಲ್ಲ. ಸೊಪ್ಪು ಹಾಕೋಕೆ ಕೈಯೆಲ್ಲಿದೆ? ನಿಮ್ಮಪ್ಪ ಮಲಗಿ ಮೂರು ದಿನ ಆಗಿತ್ತು, ನಂಗೂ ಶುರುವಾಗಿತ್ತು. ಭಾನುವಾರ ಆದ್ರೆ ರೂಮಲ್ಲಿರ್ತೀಯ ಅಂತ ಗೋಡೆ ಹಿಡ್ಕೊಂಡು ಅಂಗಡೀವರ್ಗೂ ಹೋದೆ. ಹೇಳ್ಕಳ್ಸಲ್ಲ ಅಂದಿದ್ದೋಳು ಸೋತು ಹೇಳ್ಕಳ್ಸ್ದೆ. ಆಮೇಲೆ ಏಳೋಕೇ ಆಗ್ಲಿಲ್ಲ. ಪಕ್ಕದ ಮನೆ ಕೊಂಡಮ್ಮ ತಾನೇ ಕುಂಟ್ಕೊಂಡು ಗಂಜಿ ಇಟ್ಟು ಹೋಗ್ತಾಳೆ. ಒಂಬತ್ತು ದಿನ ಬಾಗ್ಲು ನೋಡ್ಕೊಂಡು ಕೂತಿದೀನಿ."

"ಹುಳಕ್ಕೆ ಅಂದ್ಕೊಂಡೆ ಅಮ್ಮ" ಎಂದಳು. ನಿಜವನ್ನೇ ಹೇಳಿದಳು. ಕೇಳಲು ಹಸಿ ಸುಳ್ಳಿನಂತಿತ್ತು.

"ಪೋನೀಲೇ, ಹೋಗ್ಲಿ ಬಿಡು" ಎಂದರು ಅಮ್ಮ, ಕಣ್ಣು ಬೇರೆ ಕಡೆ ತಿರುಗಿಸಿ. "ಹುಳದ್ ಜ್ವರಕ್ಕೆ ನಾನು ಅಳ್ತಿದ್ನಾ?"

ಶೋಭಾರಾಣಿ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಅಮ್ಮ ಅತ್ತಿದ್ರಾ?"

ನನಗೆ ಓಡಿಹೋಗಬೇಕೆನ್ನಿಸಿತು. "ಹೂಂ" ಎಂದೆ.

"ಕೇಳಿಸ್ತಾ ನಿಂಗೆ?"

"ಕೇಳಿಸ್ತು."

"ಮತ್ಯಾಕೆ ಹೇಳ್ಲಿಲ್ಲ?"

"ನೀನು ನಗ್ತೀಯ ಅಂತ" ಎಂದೆ.

ಅವಳು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಇವತ್ತು ಇಷ್ಟು ನೋಯುತ್ತಿರಲಿಲ್ಲ. ಅಮ್ಮನ ಎದುರು ಕೂತು, ಚೆಲ್ಲಿದ ಗಂಜಿಯನ್ನು ಒರೆಸಿ, ಲೋಟವನ್ನು ತಾನೇ ಅವರ ತುಟಿಗೆ ಹಿಡಿದಳು. ಮೊದಲು ಅಮ್ಮ ಬಾಯಿ ತೆರೆಯಲಿಲ್ಲ. ಇವಳು ಲೋಟ ತೆಗೆಯಲಿಲ್ಲ. ಕೊನೆಗೆ ಒಂದು ಗುಟುಕು ಕುಡಿದರು. ನಾನು ಒಬ್ಬಳೇ ಸಂಜೆ ಬಸ್ಸಿಗೆ ಹೊರಟೆ.

ಇಪ್ಪತ್ತೆರಡು ದಿನ ಕಳೆದು ಅವಳು ರೂಮಿಗೆ ಮರಳಿದಳು. ಅಪ್ಪ ಎದ್ದು ಓಡಾಡುತ್ತಿದ್ದಾರೆ, ಅಮ್ಮನ ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ, ಹೋಗು ಎಂದು ಅವರೇ ಕಳಿಸಿದರು, ತಟ್ಟೆಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟರು ಎಂದಳು. ಅಷ್ಟೇ ಮಾತು. ಕೈಕಾಲು ತೊಳೆಯದೆ ಒಳಗೆ ಬಂದು, ಬ್ಯಾಗಿನಿಂದ ಸೊಳ್ಳೆ ಬತ್ತಿ ತೆಗೆದು ಹಚ್ಚಿ ಮೂಲೆಯಲ್ಲಿಟ್ಟಳು. ಅದರ ಹೊಗೆ ಕುಡಿಯುತ್ತಾ ನಾನು ಆ ರಾತ್ರಿ ಸದ್ದಾಗದಂತೆ ಅತ್ತೆ.

ಆಮೇಲೆ ಮೂರು ವರ್ಷ ಅದೇ ರೂಮಿನಲ್ಲಿ ಒಟ್ಟಿಗೆ ಇದ್ದೆವು. ಭಾನುವಾರ ಅವಳು ಪೇಟೆಗೆ ಹೋಗುವುದನ್ನು ಬಿಟ್ಟಳು. ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಅಮ್ಮಾಜಮ್ಮನವರ ನಡುಮನೆಯಲ್ಲಿ ಫೋನಿನ ಪಕ್ಕ ಚಾಪೆ ಹಾಕಿಕೊಂಡು ಸಂಜೆಯವರೆಗೆ ಕೂರುತ್ತಿದ್ದಳು. ಫೋನು ರಿಂಗಾದರೆ ನಾನು ಏಳುತ್ತಿರಲಿಲ್ಲ.