ಅವಳು ಸುಟ್ಟ ಬಿಳಿ ಪುಡಿ

ನಾನೂ ಅವಳೂ ಒಂದೇ ಲ್ಯಾಬಿನಲ್ಲಿ ಆರು ವರ್ಷ ದುಡಿದೆವು. ನಾನು ಕೆ.ಆರ್. ಪುರದಿಂದ, ಅವಳು ಹಲಸೂರಿನಿಂದ ಬರುತ್ತಿದ್ದೆವು. ಬಿಸಿಲಿನ ಬಲದಿಂದ ಇಂಗಾಲದ ಡೈಆಕ್ಸೈಡನ್ನು ಉರಿಯುವ ಮೀಥೇನ್ ಮಾಡಬಲ್ಲ ಪುಡಿಯೊಂದನ್ನು ತಯಾರಿಸುವುದು ನಮ್ಮ ಕೆಲಸ. ಟೈಟಾನಿಯಂ ಆಕ್ಸೈಡಿನ ಬಿಳಿ ಪುಡಿ. ಅದರ ಹರಳಿಗೆ ಎರಡು ರೂಪ. ಬೇರೆಬೇರೆಯಾಗಿದ್ದರೆ ಎರಡೂ ಮಂದ. ಒಂದೇ ಕಣದಲ್ಲಿ ಹದವಾಗಿ ಬೆರೆತರೆ ಚುರುಕಾಗುತ್ತವೆ. ಆ ಹದವೆಲ್ಲ ಕುಲುಮೆಯ ಕಾವಿನಲ್ಲಿ. ಕುಲುಮೆ ಅವಳದು, ಅಳತೆ ನನ್ನದು.

ಒಂದು ಸಲ ಅವಳು ಸುಟ್ಟ ಪುಡಿ, ತಾರಸಿಯ ಬಿಸಿಲಿನಲ್ಲಿ ನಾವು ಎಂದೂ ಕಂಡಿರದಷ್ಟು ಮೀಥೇನ್ ಕೊಟ್ಟಿತು. ಅವಳು ನನ್ನ ಕೈ ಹಿಡಿದು ಕೂತಳು. ಪ್ರಬಂಧ ಬರೆದೆವು, ಅವಳ ಹೆಸರು ಮೊದಲು. ಅದು ಅಚ್ಚಾದ ತಿಂಗಳಲ್ಲೇ ಡೆಂಗಿ ಜ್ವರ ಬಂದು ಐದು ದಿನಕ್ಕೆ ಹೋಗಿಬಿಟ್ಟಳು.

ಮರುವರ್ಷ ಅದೇ ಪುಡಿಯನ್ನು ಮತ್ತೆ ಪರೀಕ್ಷಿಸಿದೆ. ಈ ಸಲ, ಗುರುತು ಸಿಗಲೆಂದು, ಮಾಮೂಲಿಗಿಂತ ಭಾರದ ಇಂಗಾಲವಿರುವ ಡೈಆಕ್ಸೈಡ್ ಬಿಟ್ಟೆ. ಹೊರಬಂದ ಮೀಥೇನ್‌ನಲ್ಲಿ ಆ ಗುರುತೇ ಇರಲಿಲ್ಲ. ಪುಡಿ ಮಾಡುವಾಗ ಕಣಗಳನ್ನು ಹಿಡಿದಿಡಲು ಹಾಕಿದ ಅಂಟಿನ ಇಂಗಾಲ ಪೂರ್ತಿ ಸುಡದೆ ಉಳಿದಿತ್ತು. ಮೀಥೇನ್ ಬಂದದ್ದು ಅದರಿಂದ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಈ ಪರೀಕ್ಷೆಯನ್ನು ಮೊದಲೇ ಮಾಡಬೇಕಿದ್ದವಳು ನಾನು.

ಅವಳ ತಾಯಿ ಬೆನ್ಸನ್ ಟೌನಿನಲ್ಲಿ ನರ್ಸ್ ಆಗಿದ್ದವರು. ಪ್ರಬಂಧದ ಮೊದಲ ಪುಟಕ್ಕೆ ಕಟ್ಟು ಹಾಕಿಸಿ ಮನೆಯಲ್ಲಿ ಬುದ್ಧನ ಪಟದ ಪಕ್ಕ ತೂಗುಹಾಕಿದ್ದರು. ಅದರ ಕೆಳಗೆ ಕೂತು ಎಲ್ಲ ಹೇಳಿದೆ. ಪ್ರಬಂಧ ವಾಪಸ್ ತೆಗೆದುಕೊಳ್ಳಬೇಕಾಗುತ್ತದೆ, ನೀವು ಬೇಡವೆಂದರೆ ಸುಮ್ಮನಿರುತ್ತೇನೆ ಎಂದೂ ಹೇಳಿಬಿಟ್ಟೆ. ಅವರು ಕತ್ತೆತ್ತಿ ಆ ಪುಟವನ್ನು ನೋಡಿದರು.

“ಅವಳಿಗೆ ಗೊತ್ತಿತ್ತೇನಮ್ಮಾ?”

“ಇಲ್ಲ ಆಂಟಿ. ನನಗೂ ಗೊತ್ತಿರ್ಲಿಲ್ಲ.”

“ರಿಪೋರ್ಟ್ ತಪ್ಪಾಗಿದೆ ಅಂತ ಗೊತ್ತಾದ್ಮೇಲೆ ಮುಚ್ಚಿಡೋಕಾಗಲ್ಲ. ಹೇಳ್ಬಿಡು.”

ಕಾಫಿ ಕೊಟ್ಟರು. ಟಿನ್ ಫ್ಯಾಕ್ಟರಿಯವರೆಗೂ ಬಸ್ಸಿನಲ್ಲಿ ಅಳುತ್ತಲೇ ಬಂದೆ.

ಪ್ರಬಂಧ ವಾಪಸಾಯಿತು. ಎರಡು ವರ್ಷದ ಮೇಲೆ, ನಾನೇ ಅಂಟಿಲ್ಲದೆ ಮಾಡಿದ ಪುಡಿಯಲ್ಲಿ ಮೀಥೇನ್ ಬಂತು. ತೀರ ಸ್ವಲ್ಪ, ಆದರೆ ಗುರುತಿನ ಇಂಗಾಲದ್ದೇ. ಹೊಸ ಪ್ರಬಂಧಕ್ಕೆ ಅವಳ ಹೆಸರನ್ನೂ ಸೇರಿಸುತ್ತೇನೆಂದು ಆಂಟಿಗೆ ಫೋನ್ ಮಾಡಿದೆ.

“ಈ ಪುಡಿ ಅವಳು ಮಾಡಿದ್ದಲ್ವಲ್ಲಮ್ಮ,” ಅಂದರು. “ಬೇಡ ಬಿಡು.”

ನಾನು ಒತ್ತಾಯಿಸಲಿಲ್ಲ. ಅವಳ ಹೆಸರಿಲ್ಲದೆಯೇ ಅದನ್ನು ಕಳಿಸಿದೆ.