ಹರಾಜಿನ ಹಾಲ್ವರ್‌ನ ಓರೆ ಅಕ್ಷರ

ಮಿನೆಸೋಟಾದ ಎಲ್ಕ್ ಬೆಂಡ್‌ನಲ್ಲಿ ಯಾರು ಹುಟ್ಟಲಿ, ಸಾಯಲಿ, ಹಸು ಮಾರಲಿ, ಅದರ ಚೀಟಿ ಅಚ್ಚು ಹಾಕುವವಳು ಆರ್ಡಿಸ್ ಒಬ್ಬಳೇ. ಹದಿನಾಲ್ಕಕ್ಕೆ ಅಪ್ಪನ ಅಚ್ಚುಕೂಟ ಸೇರಿದವಳು ನಲವತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದ್ದಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಅಕ್ಷರ ಉಲ್ಟಾ ಇದ್ರೂ ಓದ್ತೀನಿ, ಗಂಡಸ್ರು ನೆಟ್ಟಗೆ ನಿಂತ್ರೂ ಓದೋಕಾಗಲ್ಲ" ಅನ್ನುತ್ತಿದ್ದಳು.

ಮದುವೆಗೂ ಸಾವಿಗೂ ಅವಳಲ್ಲಿ ಸಣಕಲು, ನೆಟ್ಟನೆಯ ಅಕ್ಷರಗಳಿದ್ದವು. ಕೆಳಗಿನ ಖಾನೆಯಲ್ಲಿದ್ದವು ಬೇರೆ ಜಾತಿ. ದಪ್ಪ, ಓರೆ, ತುದಿಗೆ ಪುಟ್ಟ ಪಾದ. ಊಟದ ಗಂಟೆ ಕೇಳಿ ಎದುರುಗಾಳಿಯಲ್ಲಿ ಓಡುವ ಡೊಳ್ಳುಹೊಟ್ಟೆಯವನ ಹಾಗೆ. ಒಂದು ಸಾಲು ಹಾಕಿದರೆ ರಸ್ತೆಯಾಚೆಗೂ ಕೂಗು ಕೇಳಿಸುತ್ತದೆ, ನಾಲ್ಕು ಸಾಲು ಹಾಕಿದರೆ ತಲೆನೋವು. ಅವು ಹರಾಜು ಕೂಗುವ ಹಾಲ್ವರ್‌ಗೇ ಮೀಸಲು. ಮೂವತ್ತು ವರ್ಷ ಪ್ರತಿ ಹರಾಜಿನ ಚೀಟಿಯ ನೆತ್ತಿಯಲ್ಲಿ ಅವನ ಹೆಸರು ಹಾಗೇ ಓಡಿತ್ತು.

ಮಾರ್ಚಿನಲ್ಲಿ ಹಾಲ್ವರ್ ಸತ್ತ. ಅಂಗಡಿಗಳ ಕಿಟಕಿಗೆ ಅಂಟಿಸುವ ಸಾವಿನ ಚೀಟಿಗಾಗಿ ಹೆಂಡತಿ ಸಿಗ್ನೆ ಬಂದಳು.

"ಅವನ ಅಕ್ಷರದಲ್ಲೇ ಹಾಕು."

"ಸಾವಿಗೆ ಅದನ್ನ ಹಾಕಿದ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ ಕಣೇ."

"ಬರ್ಲಿ ಬಿಡು. ಹೆಣದ ಪೆಟ್ಟಿಗೆ ಹೊರೋಕೆ ಒಬ್ಬನಾದ್ರೂ ಆದ."

ಸಿಗ್ನೆ ನಗಲಿಲ್ಲ. ಬ್ಯಾಂಕು ಹೇಳಿದಾಗೆಲ್ಲ ಊರವರ ಹಸು, ನೇಗಿಲು, ಮಂಚ ಕೂಗಿ ಮಾರಿದವನು ಹಾಲ್ವರ್. ಅವನ ಸಾವಿಗೆ ಯಾರು ಬರುತ್ತಾರೆ? "ಹೊರೋಕೆ ಆರು ಜನ ಬೇಕು, ಆರ್ಡಿಸ್. ಒಬ್ಬನೂ ಒಪ್ತಿಲ್ಲ."

ಆರ್ಡಿಸ್ ಅರ್ಧ ಸೋತಳು. ಹೆಸರು ಮಾತ್ರ ದಪ್ಪ ಓರೆಯಲ್ಲಿ. ಕೆಳಗೆ ಶನಿವಾರ, ಹತ್ತು ಗಂಟೆ, ಚರ್ಚು, ಅಂತ್ಯಕ್ರಿಯೆ, ಎಲ್ಲ ಸಣಕಲು ಅಕ್ಷರದಲ್ಲಿ.

ಶನಿವಾರ ಚರ್ಚಿನ ಅಂಗಳದಲ್ಲಿ ಟ್ರಕ್ಕುಗಳು, ಬೆನ್ನಿಗೆ ದನ ಸಾಗಿಸುವ ಗಾಡಿಗಳು. ಆ ಅಕ್ಷರದಲ್ಲಿ ಹಾಲ್ವರ್‌ನ ಹೆಸರು ಕಂಡರೆ ಹರಾಜು. ಅದರಾಚೆ ದಿನ, ಗಂಟೆ, ಜಾಗ ಬಿಟ್ಟು ಯಾರೂ ಏನೂ ಓದಿರಲೇ ಇಲ್ಲ. ಸತ್ತವನ ಸಾಮಾನನ್ನೇ ಮಾರುತ್ತಾರೆಂದುಕೊಂಡಿದ್ದರು.

"ಏನಿದು ಆರ್ಡಿಸ್? ಹಗ್ಗ ಹಿಡ್ಕೊಂಡು ಬಂದಿದ್ದಾರೆ!" ಪಾದ್ರಿ ತೋರ್ಸನ್ ಮೆಟ್ಟಿಲ ಮೇಲೆ ಕಂಗಾಲು.

"ಕ್ರಿಸ್‌ಮಸ್‌ಗೂ ಇಷ್ಟು ಜನ ಬಂದಿರ್ಲಿಲ್ಲ ಪಾದ್ರಿಗಳೇ. ಸುಮ್ನಿರಿ."

ಹಿಂದಿನ ವರ್ಷ ಹಾಲ್ವರ್‌ನ ಹರಾಜಿನಲ್ಲಿ ತನ್ನ ಹನ್ನೆರಡು ಹಸು ಕಳೆದುಕೊಂಡಿದ್ದ ಆರ್ಲೋಗೆ ಇದು ಅಂತ್ಯಕ್ರಿಯೆ ಎಂದು ಮೊದಲು ತಿಳಿಯಿತು. ಕಿವಿಯವರೆಗೂ ಕೆಂಪಾಗಿ ಗಾಡಿಯತ್ತ ತಿರುಗಿದ. ಸಿಗ್ನೆ ಅಡ್ಡ ನಿಂತಳು.

"ಟೋಪಿ ತೆಗಿ, ಆರ್ಲೋ."

ತೆಗೆದ. ಟೋಪಿಯೊಳಗೇ ನೋಡುತ್ತ, "ಹಂಗಾದ್ರೆ ಅವನ ಟ್ರ್ಯಾಕ್ಟರ್ ಮಾರಲ್ವಾ?" ಎಂದ.

"ಮೊದ್ಲು ಅವನನ್ನ ಹೊರು. ಟ್ರ್ಯಾಕ್ಟರ್ ಮಾತು ಊಟಕ್ಕೆ ಕೂತಾಗ."

ಆರ್ಲೋ ಹಿಂದೆ ನೋಡಿದ. ಇನ್ನೂ ಐವರು ಒಬ್ಬೊಬ್ಬರಾಗಿ ಟೋಪಿ ತೆಗೆದರು. ಹಗ್ಗ ಎಲ್ಲಿಡಬೇಕೋ ತಿಳಿಯದೆ ಆರ್ಡಿಸ್‌ಳ ಕೈಗೆ ತುರುಕಿ ಒಳಗೆ ಹೋದರು.